ಹರಳೆಣ್ಣೆ ಕುಡಿದ ಬ್ರೇಕು

ಗೋವಿಂದರಾಜುವಿನ ಪಿಕಪ್ ಗಾಡಿಯ ಎಡಗಡೆ ಮುಂಚಕ್ರ ಕೂಗಲು ಶುರುಮಾಡಿ ಆ ಸೋಮವಾರಕ್ಕೆ ಹನ್ನೆರಡು ದಿನವಾಗಿತ್ತು. ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ‘ಕೀ...’ ಎಂದು ಎಳೆದು, ಕೊನೆಯಲ್ಲಿ ಗಂಟಲು ಕಟ್ಟಿದವರ ಹಾಗೆ ಒಡೆದು ನಿಲ್ಲುತ್ತಿತ್ತು. ಊರಿನ ತಿರುವಿನಲ್ಲಿ ಅವನು ಬ್ರೇಕ್ ಹಿಡಿದರೆ ಹಾಲಿನ ಡೇರಿಯ ಮುಂದೆ ಮಲಗಿದ್ದ ನಾಯಿಗಳು ಎದ್ದು ಜಾಗ ಬದಲಿಸುತ್ತಿದ್ದವು.

ಗಾಡಿಗೆ ಹದಿನಾಲ್ಕು ವರ್ಷ. ಅವನು ಅದರ ಮೂರನೆಯ ಮಾಲೀಕ. ಬಾಗಿಲಿನ ಮೇಲೆ ಮೊದಲನೆಯ ಮಾಲೀಕನ ಮಗಳ ಹೆಸರೂ, ಹಿಂಬದಿಯಲ್ಲಿ ಎರಡನೆಯವನ ಮನೆದೇವರ ಹೆಸರೂ ಇದ್ದವು. ತನ್ನದೇನನ್ನಾದರೂ ಬರೆಸಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. ಹಳೆಯದನ್ನು ಅಳಿಸಿದರೆ ಅವರು ನೊಂದುಕೊಂಡಾರು ಎಂಬ ಸಂಕೋಚ.

ಅವನ ಸ್ವಭಾವವೇ ಹಾಗೆ. ಹಿರಿಯರ ಮುಂದೆ ‘ಇಲ್ಲ’ ಎಂಬ ಎರಡಕ್ಷರ ಅವನ ಬಾಯಿಂದ ಹೊರಟದ್ದನ್ನು ಕೇಳಿದವರಿಲ್ಲ. ಮದುವೆಮನೆಯಲ್ಲಿ ಬಡಿಸುವವರು ವಯಸ್ಸಾದವರಾದರೆ, ಹೊಟ್ಟೆ ಬಿರಿಯುವ ತನಕ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ.

ಸೋಮವಾರ ಸಂಜೆ ಐದು ಗಂಟೆಗೆ ಆ ಗಾಡಿಗೆ ಒಂದು ಪರೀಕ್ಷೆಯಿತ್ತು. ಬೂದಿಗೆರೆಯ ಹತ್ತಿರ ಹೊಸದಾಗಿ ಎದ್ದಿದ್ದ ಅಪಾರ್ಟ್‌ಮೆಂಟಿನವರು ದಿನಾ ಬೆಳಿಗ್ಗೆ ಒಳಗೇ ಬಂದು ತರಕಾರಿ ಸೊಪ್ಪು ಮಾರುವ ಒಂದು ಗಾಡಿಯನ್ನು ಹುಡುಕುತ್ತಿದ್ದರು. ಹಿಂದಿನ ಗುರುವಾರ ಗೋವಿಂದರಾಜು ಕೇಳಿಕೊಂಡು ಹೋಗಿದ್ದ. ಗೇಟಿನೊಳಗೆ ಹೋಗಿ ಬ್ರೇಕ್ ಹಿಡಿದ. ಚಕ್ರ ತನ್ನ ಪೂರ್ತಿ ಶಕ್ತಿಯಿಂದ ಕೂಗಿತು. ಒಂಬತ್ತು ಅಂತಸ್ತಿನ ಬಾಲ್ಕನಿಗಳಲ್ಲೂ ತಲೆಗಳು ಕಾಣಿಸಿಕೊಂಡವು. ಗೋವಿಂದರಾಜು ಸ್ಟೇರಿಂಗಿನ ಹಿಂದೆ ಆದಷ್ಟು ಕೆಳಕ್ಕೆ ಜಾರಿ ಕೂತ.

ಅಲ್ಲಿನ ಸೆಕ್ರೆಟರಿ ಉಮಾಶಂಕರ್ ಎಂಬುವರು ಚಕ್ರವನ್ನು ನೋಡಿದರು, ಕತ್ತೆತ್ತಿ ಬಾಲ್ಕನಿಗಳನ್ನು ನೋಡಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು.

“ಸೋಮವಾರ ಸಂಜೆ ಐದಕ್ಕೆ ಇದೇ ಗಾಡಿ ತಗೊಂಡು ಬನ್ನಿ. ಕಮಿಟಿಯವರು ನೋಡ್ಬೇಕು. ಒಂದು ವಿಷಯ ತಿಳ್ಕೊಳ್ಳಿ, ನಮ್ಮಲ್ಲಿ ಹಾರ್ನ್ ಹೊಡೆಯೋ ಹಾಗಿಲ್ಲ, ಕೂಗೋ ಹಾಗಿಲ್ಲ. ಸದ್ದಿನ ವಿಚಾರದಲ್ಲಿ ನಾವು ಬಹಳ ಸ್ಟ್ರಿಕ್ಟು.”

“ಸರಿ ಸಾರ್” ಎಂದು ಗೋವಿಂದರಾಜು ಬೆವರಿಕೊಂಡು ಊರಿಗೆ ಬಂದಿದ್ದ.

ಇಂಥದೊಂದು ಕೆಲಸ ಸಿಕ್ಕೀತೆಂದು ನಂಬಿ ಅವನ ಹೆಂಡತಿ ವಾಣಿಶ್ರೀ ತಿಂಗಳ ಹಿಂದೆಯೇ ಬೀದಿಯ ಕೊನೆಯ ಅರ್ಧ ಎಕರೆಯಲ್ಲಿ ಸಾಲಾಗಿ ಮಡಿ ಮಾಡಿ ದಂಟು, ಸಬ್ಬಸಿಗೆ, ನಾಟಿ ಕೊತ್ತಂಬರಿ ಹಾಕಿದ್ದಳು. ಸೊಪ್ಪು ಮಂಗಳವಾರ ಬೆಳಿಗ್ಗೆ ಕೀಳುವ ಹದಕ್ಕೆ ಬಂದು ನಿಂತಿತ್ತು. ಕೊತ್ತಂಬರಿ ಯಾರಿಗೂ ಕಾಯುವುದಿಲ್ಲ, ಎರಡು ದಿನ ತಡವಾದರೆ ಹೂ ಬಿಡುತ್ತದೆ. ಗಾರ್ಮೆಂಟ್ಸ್ ಕೆಲಸ ಬಿಟ್ಟು, ಆ ವ್ಯಾನಿನಲ್ಲಿದ್ದ ತನ್ನ ಕಿಟಕಿ ಪಕ್ಕದ ಸೀಟನ್ನು ಅವಳು ಆಗಲೇ ಹಿಂದಿನ ಬೀದಿಯ ಅಕ್ಷತಳಿಗೆ ಬಿಟ್ಟುಕೊಟ್ಟಿದ್ದಳು.

ಹಾಗಾಗಿ ಆ ದಿನದ ಲೆಕ್ಕ ಸರಳವಾಗಿತ್ತು. ವಿಜಯಪುರದ ಮೆಕ್ಯಾನಿಕ್ ಶ್ರೀಧರ್, “ಬೆಳಿಗ್ಗೆನೇ ತನ್ನಿ ಗೋವಿಂದಣ್ಣ, ಪ್ಯಾಡ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಕೊಡ್ತೀನಿ, ಸದ್ಯಕ್ಕೆ ಸುಮ್ಮನಾಗ್ತದೆ” ಎಂದಿದ್ದ. ಒಂದು ಗಂಟೆಯ ಕೆಲಸ.

ಏಳು ಗಂಟೆಗೆ ಗೋವಿಂದರಾಜು ಸ್ನಾನ ಮುಗಿಸಿ ತಲೆ ಒರೆಸುತ್ತ ಹೊರಗೆ ಬಂದಾಗ, ಎಡಗಡೆ ಮುಂಚಕ್ರದ ಮುಂದೆ ಬೈರಣ್ಣ ಕುಕ್ಕರುಗಾಲಿನಲ್ಲಿ ಕೂತಿದ್ದ.

ಬೈರಣ್ಣ ಎದುರುಮನೆಯವನು. ಎಪ್ಪತ್ತಾರು ವರ್ಷ. ನಲವತ್ತು ವರ್ಷ ಎತ್ತಿನಗಾಡಿ ಹೊಡೆದವನು. ಎತ್ತುಗಳು ಹೋದವು, ಗಾಡಿಯನ್ನು ಯಾರೋ ಹೋಟೆಲಿನವರು ಬಾಗಿಲಲ್ಲಿ ನಿಲ್ಲಿಸಿಕೊಳ್ಳಲು ಒಯ್ದರು. ಅವನ ಹತ್ತಿರ ಉಳಿದದ್ದು ಕೀಲಿಗೆ ಎಣ್ಣೆ ಬಿಡುವ ಬಿದಿರಿನ ಗೊಟ್ಟ ಒಂದೇ. ಅದಕ್ಕೆ ಅವನು ಈಗಲೂ ಹರಳೆಣ್ಣೆ ತುಂಬಿಸಿ ಜಗಲಿಯ ಗೂಟಕ್ಕೆ ನೇತುಹಾಕಿರುತ್ತಿದ್ದ. ಊರಿನಲ್ಲಿ ಯಾವ ಬಾಗಿಲು ಕಿರ್ ಎಂದರೂ, ಯಾವ ತೊಟ್ಟಿಲು ಅತ್ತರೂ, ಗೊಟ್ಟ ಹಿಡಿದು ಹೋಗಿ ಎರಡು ತೊಟ್ಟು ಬಿಟ್ಟು ಬರುತ್ತಿದ್ದ. ಯಾರೂ ಕರೆಯಬೇಕಾಗಿರಲಿಲ್ಲ.

ಈಗ ಆ ಗೊಟ್ಟದ ಬಾಯಿ ಚಕ್ರದ ತೂತಿನೊಳಗಿತ್ತು.

“ಮಾವ, ಏನ್ಮಾಡ್ತಿದ್ದೀರ?”

“ಹನ್ನೆರಡು ದಿನದಿಂದ ಕಿರುಚ್ಕೊಂತಾ ಐತೆ ಇದು. ನೀನು ಕಿವಿಗೆ ಹಾಕ್ಕೊಂತಿಲ್ಲ. ಅದೇನು ಚಕ್ರ ಅಲ್ವಾ? ಅದಕ್ಕೂ ಗಂಟಲು ಒಣಗ್ತದೆ ಕಣಪ್ಪ” ಎಂದ ಬೈರಣ್ಣ, ಗೊಟ್ಟವನ್ನು ಇನ್ನಷ್ಟು ಬಗ್ಗಿಸುತ್ತ. “ಮೊದಲು ಎರಡು ತೊಟ್ಟು ಬಿಟ್ಟೆ. ಸಾಲದು ಅನ್ನುಸ್ತು. ಪೂರಾ ಬಿಟ್ಟಿವ್ನಿ.”

ಕಬ್ಬಿಣದ ಡಿಸ್ಕಿನ ಮೇಲಿಂದ ಹರಳೆಣ್ಣೆ ಎಳೆ ಎಳೆಯಾಗಿ ಇಳಿದು, ಅದನ್ನು ಕಚ್ಚಿ ಹಿಡಿಯುವ ಪ್ಯಾಡಿನ ಸಂದಿಗೆ ನಿಧಾನವಾಗಿ ಇಂಗುತ್ತಿತ್ತು. ಬ್ರೇಕಿಗೆ ಎಣ್ಣೆ ತಾಗಿದರೆ ಅದು ಹಿಡಿಯುವುದಿಲ್ಲ, ಜಾರುತ್ತದೆ ಎಂಬುದು ಗೋವಿಂದರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಮಾತು ನಾಲಿಗೆಯ ತುದಿಯ ತನಕ ಬಂದು ಅಲ್ಲೇ ಕೂತಿತು.

“ಬ್ರೇಕಿಗೆ... ಎಣ್ಣೆ...” ಎಂದ.

“ಹಾಕ್ಬಾರ್ದು ಅಂತೀಯಾ? ನಿನ್ನ ಸೀಟಿನ ಹಿಂದೆ ಇಟ್ಟಿದ್ದೀಯಲ್ಲ ಡಬ್ಬಿ, ಅದರ ಮೇಲೆ ಏನಂತ ಬರ್ದವ್ರೆ? ಬ್ರೇಕ್ ಆಯಿಲ್ ಅಂತ. ನಾನು ಓದ್ದೋನಲ್ಲ, ಆದ್ರೂ ಕೇಳಿ ತಿಳ್ಕೊಂಡಿವ್ನಿ. ಹತ್ತು, ಓಡ್ಸು ನೋಡಾನ.”

ಬೇಡ ಎನ್ನಲಾಗದೆ ಅವನು ಹತ್ತಿದ. ಬೀದಿ ಅಲ್ಲಿ ಸ್ವಲ್ಪ ಇಳಿಜಾರು. ನೇರ ಹೋದರೆ ಬೀದಿಯ ಕೊನೆಗೆ ವಾಣಿಶ್ರೀಯ ಸೊಪ್ಪಿನ ಮಡಿಗಳು, ಅದಕ್ಕೂ ಮುಂಚೆ ಬಲಗಡೆಗೆ ಪಾಪಕ್ಕನ ತಿಪ್ಪೆ. ಮೆಲ್ಲಗೆ ಇಳಿಸಿ, ಮೆಲ್ಲಗೆ ಬ್ರೇಕ್ ಒತ್ತಿದ. ಸದ್ದು ಬರಲಿಲ್ಲ. ಎಡಚಕ್ರ ಬೆಣ್ಣೆಯ ಮೇಲೆ ನಿಂತ ಹಾಗೆ ಜಾರಿತು, ಬಲಚಕ್ರ ಮಾತ್ರ ಹಿಡಿಯಿತು, ಗಾಡಿ ಒಳ್ಳೆಯ ಎತ್ತಿನ ಹಾಗೆ ಬಲಕ್ಕೆ ತಿರುಗಿ ತಿಪ್ಪೆಯೊಳಗೆ ಮೂತಿ ಇಟ್ಟು ನಿಂತಿತು.

ಪಾಪಕ್ಕ ಸಗಣಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. “ಯಾಕಪ್ಪಾ ಗೋವಿಂದ, ಇದ್ದ ರೋಡು ಸಾಲದೇ ಬಂತಾ?” ಎಂದಳು. “ಬಂದೋನು ಬಂದೆ, ಹಂಗೇ ಒಂದು ಲೋಡು ತುಂಬ್ಕೊಂಡು ನನ್ನ ಹೊಲಕ್ಕೆ ಹೊಡ್ದುಬಿಡು.”

ಬೈರಣ್ಣ ಕೋಲೂರಿಕೊಂಡು ಬಂದ. ಅವನ ಮುಖ ಸ್ವಲ್ಪ ಸಣ್ಣಗಾಗಿತ್ತು. “ಸದ್ದು ಹೋಯ್ತಾ?”

“ಹೋಯ್ತು ಮಾವ.”

“ಮತ್ತೆ ಗಾಡಿ ಯಾಕಪ್ಪ ಇಲ್ಲಿಗೆ ಬಂತು? ನನ್ನ ಎಣ್ಣೆದೇನಾದ್ರೂ ಹೆಚ್ಚುಕಮ್ಮಿ ಆಯ್ತಾ?”

ಅವನ ಕಣ್ಣಂಚು ಒದ್ದೆಯಾದಂತೆ ಗೋವಿಂದರಾಜುವಿಗೆ ಕಂಡಿತು. “ಛೇ ಛೇ, ನನ್ನ ಕಾಲು ಜಾರ್ತು. ಎಣ್ಣೆ ಹಾಕಿದ್ದು ಒಳ್ಳೇದೇ ಆಯ್ತು ಮಾವ” ಎಂದ.

“ಹಂಗನ್ನು!” ಬೈರಣ್ಣನ ಬೆನ್ನು ನೆಟ್ಟಗಾಯಿತು. “ಇನ್ನು ಯಾವತ್ತು ಕೀ ಅಂದ್ರೂ ನೀನು ಹೇಳೋದೂ ಬೇಡ. ನಂಗೆ ಕೇಳಿಸ್ತದೆ.”

ಅವನು ಜಗಲಿಗೆ ಮರಳಿದ ಮೇಲೆ ವಾಣಿಶ್ರೀ ಮೆಲ್ಲಗೆ, “ಎಣ್ಣೆ ಹಾಕ್ಬಾರ್ದು ಅಂತ ಒಂದ್ಮಾತು ಹೇಳೋಕಾಗಲ್ವೇನ್ರೀ?” ಎಂದಳು.

“ವಯಸ್ಸಾದೋರು ಕಣೇ. ನೊಂದ್ಕೋತಾರೆ.”

“ಗಾಡಿಗೂ ವಯಸ್ಸಾಗಿದೆ” ಎಂದು ಅವಳು ಒಳಗೆ ಹೋದಳು.

ಮೊದಲನೇ ಗೇರಿನಲ್ಲಿ, ಹ್ಯಾಂಡ್‌ಬ್ರೇಕನ್ನು ದೇವರ ಹಾಗೆ ನಂಬಿಕೊಂಡು, ಸೈಕಲ್ಲುಗಳಿಗೂ ದಾರಿ ಬಿಡುತ್ತ ಅವನು ವಿಜಯಪುರ ಮುಟ್ಟುವಾಗ ಒಂಬತ್ತೂವರೆ. ಶ್ರೀಧರ್ ಎರಡೂ ಮುಂಚಕ್ರ ಬಿಚ್ಚಿ, ಪ್ಯಾಡುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ.

“ಅಣ್ಣ, ಇದೇನು ಮಗೂಗೆ ಎಣ್ಣೆಸ್ನಾನ ಮಾಡ್ಸಿದ್ದೀರಾ?”

ಗೋವಿಂದರಾಜು ವಿಷಯ ಹೇಳಿದ. ಶ್ರೀಧರ್ ಪ್ಯಾಡನ್ನು ಬೆಂಚಿನ ಮೇಲಿಟ್ಟು, ಸತ್ತವರ ಸುದ್ದಿ ತಿಳಿಸುವವನ ದನಿಯಲ್ಲಿ, “ಇದು ಎಣ್ಣೆ ಕುಡಿದುಬಿಟ್ಟಿದೆ ಅಣ್ಣ. ಉಜ್ಜಿದ್ರೂ ಆಗಲ್ಲ, ಬಿಸಿಲಿಗಿಟ್ರೂ ಆಗಲ್ಲ. ಬಲಗಡೇದೂ ನೋಡಿ, ಬಿಸ್ಕತ್ತಿಗಿಂತ ತೆಳ್ಳಗಾಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೇ ಹೋಗ್ತಿತ್ತು. ಅದು ಕೂಗ್ತಿದ್ದದ್ದೇ ಅದಕ್ಕೆ. ಪ್ಯಾಡಲ್ಲಿ ಒಂದು ಸಣ್ಣ ತಗಡಿರ್ತದೆ, ಸವೆದಾಗ ಅದು ಡಿಸ್ಕಿಗೆ ತಾಗಿ ಕೂಗ್ತದೆ, ಬದಲಾಯಿಸು ಅಂತ. ಎರಡೂ ಕಡೆ ಹೊಸದೇ ಹಾಕ್ಬೇಕು” ಎಂದ.

“ಹಾಕಪ್ಪ. ಐದು ಗಂಟೆಗೆ ಬೂದಿಗೆರೇಲಿರ್ಬೇಕು.”

ಶ್ರೀಧರ್ ಒಂದು ಡಬ್ಬಿ ತಂದು ಒಡೆದ. ಪ್ಯಾಡನ್ನು ಇಟ್ಟು ನೋಡಿದ. ಕಿವಿ ಒಂದು ಕಡೆ, ತೂತು ಇನ್ನೊಂದು ಕಡೆ. “ಇದು ಈಗಿನ ಮಾಡೆಲ್ಲಿಂದು. ನಿಮ್ಮದು ಹಳೇದು. ದೇವನಹಳ್ಳೀಲಿ ಸಿಗ್ತದೆ. ನನಗೆ ಅಂಗಡಿ ಬಿಟ್ಟು ಬರೋಕಾಗಲ್ಲ. ನೀವು ಬಸ್ಸಲ್ಲಿ ಹೋಗಿ, ಈ ಹಳೇದನ್ನ ತೋರ್ಸಿ ಇಂಥದೇ ಕೊಡಿ ಅನ್ನಿ.”

ಎಡಗಡೆಯ ಒಂದು ಪ್ಯಾಡನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಬಟ್ಟೆಚೀಲದಲ್ಲಿ ಹಾಕಿಕೊಂಡು ಗೋವಿಂದರಾಜು ಸರ್ಕಾರಿ ಬಸ್ಸು ಹತ್ತಿದ. ಚೀಲ ತೊಡೆಯ ಮೇಲಿಟ್ಟುಕೊಂಡ. ಬಿಸಿಲು ಏರಿದ ಹಾಗೆ ಹರಳೆಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಪಕ್ಕದಲ್ಲಿದ್ದ ಮುದುಕಿ ಎರಡು ಸಲ ಮೂಗರಳಿಸಿ, ಮೂರನೆಯ ಸಲ ಅವನ ಕಡೆ ಮಮತೆಯಿಂದ ನೋಡಿದಳು.

“ಬಾಣಂತೀಗಾ ಮಗಾ?”

ದೊಡ್ಡವರು. ಇಲ್ಲ ಎನ್ನಲಾಗದೆ ಅವನು ತಲೆಯಾಡಿಸಿದ.

“ಗಂಡೋ ಹೆಣ್ಣೋ?”

ಗೋವಿಂದರಾಜು ಚೀಲ ನೋಡಿಕೊಂಡ. “ಇನ್ನೂ ಗೊತ್ತಾಗಿಲ್ಲ” ಎಂದ.

ಮುದುಕಿ ಗಾಬರಿಯಾದಳು. ಆಮೇಲೆ ಇಂಥ ವಿಷಯ ಹೆಚ್ಚು ಕೆದಕಬಾರದೆಂದುಕೊಂಡಳೋ ಏನೋ, ಎಣ್ಣೆಯನ್ನು ಹದವಾಗಿ ಕಾಯಿಸಬೇಕೆಂದೂ, ಮೊದಲು ನೆತ್ತಿಗೆ ಇಡಬೇಕೆಂದೂ, ಹನ್ನೊಂದು ದಿನ ಗಾಳಿಗೆ ಬಿಡಬಾರದೆಂದೂ ದೇವನಹಳ್ಳಿಯ ತನಕ ಹೇಳಿದಳು. ಅವನು ಎಲ್ಲದಕ್ಕೂ ಹೂಂಗುಟ್ಟಿದ. ಇಳಿಯುವಾಗ ಅವಳು ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನೆಟಿಕೆ ತೆಗೆದಳು.

ಹೊಸ ಪ್ಯಾಡು ಸಿಕ್ಕಿ, ವಾಪಸು ಬಸ್ಸು ಸಿಕ್ಕಿ, ಅವನು ವಿಜಯಪುರಕ್ಕೆ ಮರಳುವಾಗ ಒಂದೂವರೆ. ಶ್ರೀಧರ್ ಊಟಕ್ಕೆ ಹೋಗಿದ್ದ. ಬಂದವನು ಕೆಲಸದಲ್ಲಿ ಮಾತ್ರ ತಪ್ಪು ಮಾಡಲಿಲ್ಲ. ಡಿಸ್ಕನ್ನು ಪೆಟ್ರೋಲು ಬಟ್ಟೆಯಿಂದ ಹರಳೆಣ್ಣೆಯ ಜಿಡ್ಡು ಬಿಡುವ ತನಕ ಒರೆಸಿದ. ಉಪ್ಪುಕಾಗದದಿಂದ ಉಜ್ಜಿದ. ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಮೆಲ್ಲಗೆ ಒಳಗೊತ್ತಿ, ಹೊಸ ದಪ್ಪ ಪ್ಯಾಡುಗಳನ್ನು ಕೂರಿಸಿ, ಚಕ್ರ ಹಾಕಿ, ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿಸಿದ. ಹಳೆಯ ನಾಲ್ಕು ಪ್ಯಾಡುಗಳನ್ನೂ ಅದೇ ಚೀಲದಲ್ಲಿ ಹಾಕಿ ಕೊಟ್ಟ.

“ಕೇಳಿ ಅಣ್ಣ. ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೋಬೇಕು. ದಾರೀಲಿ ಒಂದಿಪ್ಪತ್ತು ಸಲ ಮೆಲ್ಲಗೆ ಬ್ರೇಕ್ ಹಿಡಿದು ನಿಲ್ಲಿಸ್ಕೊಂಡು ಹೋಗಿ. ಜೋರಾಗಿ ಒದೀಬೇಡಿ. ಹೊಸದರಲ್ಲಿ ಒಂದಷ್ಟು ದಿನ ಕೀ ಅಂದ್ರೂ ಅನ್ಬೋದು, ಹೆದರ್ಬೇಡಿ. ಎಣ್ಣೆ ಮಾತ್ರ ಹತ್ರ ಸುಳೀಬಾರ್ದು.”

ಮೂರೂಕಾಲಿಗೆ ಗೋವಿಂದರಾಜು ಹೊರಟ. ಊರು ದಾಟಿ ಮೊದಲನೆಯ ಸಲ ಮೆಲ್ಲಗೆ ಬ್ರೇಕ್ ಹಿಡಿದ. ಎಷ್ಟು ಮೃದು! ಸದ್ದೇ ಇಲ್ಲ. ಅವನ ಎದೆ ತುಂಬಿ ಬಂತು. ಅಷ್ಟರಲ್ಲಿ ಹಿಂದೆ ದಡಾರೆಂದಿತು.

ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಆವಲಪ್ಪ ಎಂಬ ಮುದುಕ, ಹನಿ ನೀರಾವರಿ ಪೈಪಿನ ಸುರುಳಿಯನ್ನು ಹಿಂದಕ್ಕೆ ಎಸೆದು, ತಾನೂ ಹತ್ತುತ್ತಿದ್ದ. “ಕೈ ಅಡ್ಡ ಹಾಕದೇನೇ ನಿಲ್ಲಿಸ್ದೆಯಲ್ಲಪ್ಪಾ. ಇಂಥೋರು ಈಗ ಎಲ್ಲವ್ರೆ?”

ನಿಲ್ಲಿಸಿದ್ದು ನಿಮಗಲ್ಲ ಎಂಬ ಮಾತು ಗೋವಿಂದರಾಜುವಿನ ಬಾಯಿಗೆ ಬರಲಿಲ್ಲ.

ಎರಡನೆಯ ಸಲ ಬ್ರೇಕ್ ಹಿಡಿದಾಗ ಮುನಿಲಕ್ಷ್ಮಮ್ಮ ಎಂಬಾಕೆ ಎರಡು ಕುಕ್ಕೆ ಸೇವಂತಿಗೆಯೊಡನೆ ಹತ್ತಿದಳು. ಮೂರನೆಯ ಸಲಕ್ಕೆ ಪಂಪು ಮೋಟರು ಹೊತ್ತ ಇಬ್ಬರು. ಇನ್ನು ಜನರಿರುವ ಕಡೆ ಬೇಡವೆಂದು ಅವನು ಖಾಲಿ ಹೊಲದ ಪಕ್ಕ ಬ್ರೇಕ್ ಹಿಡಿದರೆ, ಬದುವಿನ ಮರೆಯಿಂದ ಒಬ್ಬ ಎದ್ದು ಪಂಚೆ ಸರಿಮಾಡಿಕೊಳ್ಳುತ್ತ ಓಡಿಬಂದ. ಕೆರೆ ಏರಿಯ ಮೇಲೆ ಹಿಡಿದರೆ ಕೆಳಗಿನಿಂದ “ನಿಲ್ಸು ನಿಲ್ಸು, ಬಂದೆ!” ಎಂಬ ದನಿ ಬಂತು. ಆರನೆಯ ಸಲಕ್ಕೆ ಅವನ ಊರಿನ ಪಾಪಕ್ಕನೇ ಒಂದು ಮೇಕೆಯೊಡನೆ ನಿಂತಿದ್ದಳು. ಬೂದಿಗೆರೆಯ ಮಗಳ ಮನೆಗೆ ಅದನ್ನು ಹೊಡೆದುಕೊಂಡು ಹೊರಟಿದ್ದಳು. ಬಸ್ಸಿನವರು ಮೇಕೆಯನ್ನು ಹತ್ತಿಸಿಕೊಂಡಿರಲಿಲ್ಲ.

“ತಿಪ್ಪೆಗೆ ಗುದ್ದಿದ್ದಕ್ಕೆ ಇದಾ ನೀನು ಕೊಡೋ ಪರಿಹಾರ? ಆಗ್ಲಿ ಬಿಡು, ಒಳ್ಳೇ ಮಗ” ಎಂದು ಅವಳು ಮೇಕೆಯನ್ನು ಅವನ ಪಕ್ಕದ ಸೀಟಿಗೇ ಹತ್ತಿಸಿದಳು.

ಹದಿಮೂರನೆಯ ಬ್ರೇಕಿಗೆ ಗೋವಿಂದರಾಜು ಲೆಕ್ಕ ಬಿಟ್ಟ. ಹಿಂದೆ ಹನ್ನೊಂದು ಜನ, ಪೈಪು, ಹೂವು, ಮೋಟರು, ಮುಂದೆ ಮೇಕೆ. ಒಬ್ಬೊಬ್ಬರೂ ತಮ್ಮ ತಿರುವು ಬಂದಾಗ ಮೇಲಿನ ತಗಡನ್ನು ಬಡಿಯುತ್ತಿದ್ದರು. ಅವನು ಮೆಲ್ಲಗೆ ನಿಲ್ಲಿಸುತ್ತಿದ್ದ. ಒಬ್ಬರು ಇಳಿದರೆ ಇಬ್ಬರು ಹತ್ತುತ್ತಿದ್ದರು. ಪ್ಯಾಡುಗಳು ಡಿಸ್ಕಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ, ಮದುವೆಯಾಗಿ ಇಪ್ಪತ್ತು ವರ್ಷವಾದ ದಂಪತಿಗಳೂ ಅಷ್ಟು ಹೊಂದಿಕೊಂಡಿರಲಾರರು.

ಐದು ಗಂಟೆಗೆ ಎರಡು ನಿಮಿಷವಿರುವಾಗ ಅಪಾರ್ಟ್‌ಮೆಂಟಿನ ಗೇಟು ಕಂಡಿತು. ಅಷ್ಟರಲ್ಲಿ ಬಹುಪಾಲು ಜನ ಇಳಿದಿದ್ದರು. ಉಳಿದವರನ್ನೂ ಪಾಪಕ್ಕನನ್ನೂ ಮೇಕೆಯನ್ನೂ ಗೇಟಿನ ಹೊರಗೆ ಇಳಿಸಿ, ಸೀಟನ್ನು ಟವಲಿನಿಂದ ಒರೆಸಿ, ದೇವರನ್ನು ನೆನೆದು ಒಳಗೆ ಹೋದ.

ಉಮಾಶಂಕರ್ ಕಮಿಟಿಯ ನಾಲ್ಕು ಜನರೊಡನೆ ಸಾಲಾಗಿ ನಿಂತಿದ್ದರು. ಗೋವಿಂದರಾಜು ಗಾಡಿಯನ್ನು ಅವರ ಮುಂದೆ ತಂದು ಬ್ರೇಕ್ ಹಿಡಿದ. ಗಾಡಿ, ಮಲಗಿದ ಮಗುವಿನ ಪಕ್ಕದಿಂದ ಎದ್ದುಹೋಗುವ ತಾಯಿಯ ಹಾಗೆ, ಒಂದಿಷ್ಟೂ ಸದ್ದಿಲ್ಲದೆ ನಿಂತಿತು.

ಉಮಾಶಂಕರ್ ಬಾಲ್ಕನಿಗಳ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

“ಇನ್ನೊಂದ್ಸಲ ಮಾಡಿ.”

ಅವನು ಹಿಂದಕ್ಕೆ ಹೋಗಿ ಮತ್ತೆ ಬಂದು ನಿಲ್ಲಿಸಿದ. ಹೆಮ್ಮೆಯಿಂದ ಮುಗುಳ್ನಕ್ಕ.

“ಎಲ್ರೀ ಹೋಯ್ತು?” ಎಂದರು ಉಮಾಶಂಕರ್.

“ಏನು ಸಾರ್?”

“ಸದ್ದು!”

“ತೆಗೆಸ್ಬಿಟ್ಟೆ ಸಾರ್. ಪ್ಯಾಡೇ ಹೊಸದು. ಇನ್ನು ನಿಮಗೆ ಒಂಚೂರೂ ತೊಂದ್ರೆ ಆಗಲ್ಲ.”

ಕಮಿಟಿಯಲ್ಲಿದ್ದ ರಮ್ಯ ಎಂಬ ಹೆಂಗಸು ಹಣೆ ಒತ್ತಿಕೊಂಡಳು. “ಅಯ್ಯೋ, ಯಾಕ್ರೀ ತೆಗೆಸಿದ್ರಿ? ಗುರುವಾರ ಅದನ್ನ ಕೇಳಿ ನಾನು ಏಳನೇ ಫ್ಲೋರಿಂದ ಓಡ್ಬಂದು ನೋಡಿದೆ.”

ಉಮಾಶಂಕರ್ ನಿಟ್ಟುಸಿರು ಬಿಟ್ಟರು. “ನಮ್ಮ ಕಷ್ಟ ಕೇಳಿ. ಮೊದಲು ಬರ್ತಿದ್ದ ತರಕಾರಿಯವನು ಬಂದದ್ದೂ ಗೊತ್ತಾಗ್ತಿರ್ಲಿಲ್ಲ, ಹೋದದ್ದೂ ಗೊತ್ತಾಗ್ತಿರ್ಲಿಲ್ಲ. ಹಾರ್ನ್ ಹೊಡೆಯೋ ಹಾಗಿಲ್ಲ, ಕೂಗೋ ಹಾಗಿಲ್ಲ, ಗಂಟೆ ಬಾರಿಸಿದ್ರೆ ಬಿ ಬ್ಲಾಕಿನವರು ಕಂಪ್ಲೇಂಟ್ ಕೊಡ್ತಾರೆ. ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಯಾರೂ ನೋಡಲ್ಲ. ವ್ಯಾಪಾರ ಆಗದೇ ಅವನು ಬಿಟ್ಟುಹೋದ. ಆದ್ರೆ ಬ್ರೇಕ್ ಹಿಡಿಯೋದಕ್ಕೆ ಅಡ್ಡಿ ಮಾಡೋ ಒಂದೇ ಒಂದು ರೂಲು ನಮ್ಮಲ್ಲಿಲ್ಲ. ನಿಮ್ಮ ಗಾಡಿ ಒಂದ್ಸಲ ಕೂಗಿದ್ದಕ್ಕೆ ಒಂಬತ್ತು ಫ್ಲೋರೂ ಹೊರಗೆ ಬಂತು. ಅದಕ್ಕೇ ಅಲ್ವೇನ್ರೀ ‘ಇದೇ ಗಾಡಿ ತಗೊಂಡು ಬನ್ನಿ’ ಅಂತ ನಾನು ಹೇಳಿದ್ದು?”

ಗೋವಿಂದರಾಜು ಗಾಡಿಯಿಂದಿಳಿದು ಬಾನೆಟ್ಟಿಗೆ ಒರಗಿಕೊಂಡ.

“ಹಳೇ ಪ್ಯಾಡನ್ನೇ ಮತ್ತೆ ಹಾಕ್ಕೊಂಡು ಬನ್ನಿ” ಎಂದಳು ರಮ್ಯ.

ಅವನು ಸೀಟಿನ ಹಿಂದಿನಿಂದ ಬಟ್ಟೆಚೀಲ ತೆಗೆದು ತೋರಿಸಿದ. ಹರಳೆಣ್ಣೆಯ ವಾಸನೆಗೆ ಕಮಿಟಿ ಒಂದು ಹೆಜ್ಜೆ ಹಿಂದೆ ಸರಿಯಿತು. “ಕೂಗ್ತಿದ್ದದ್ದು ಇದೇ ಅಮ್ಮ. ಈಗ ಇದನ್ನ ಹಾಕಿದ್ರೆ ಕೂಗೋದೂ ಇಲ್ಲ, ನಿಲ್ಲೋದೂ ಇಲ್ಲ.”

“ಏಳು ಗಂಟೆಗೆ ನಮ್ಮ ಮೀಟಿಂಗಿದೆ” ಎಂದರು ಉಮಾಶಂಕರ್, ಬೇಸರದಿಂದಲೇ. “ಅಷ್ಟರೊಳಗೆ ಹೇಗಾದ್ರೂ ಸದ್ದು ಬಂದ್ರೆ ಫೋನ್ ಮಾಡಿ. ಫೋನಲ್ಲೇ ಕೇಳಿಸಿ ಸಾಕು, ನಾಳೆಯಿಂದ್ಲೇ ಬನ್ನಿ. ಇಲ್ಲಾಂದ್ರೆ ಜಡಿಗೇನಹಳ್ಳಿಯವರು ಆನಂದ್ ಅಂತ ಒಬ್ರಿದಾರೆ. ಅವರ ಗಾಡಿ ಬಾಗಿಲು ಕಿರ್ ಅನ್ನುತ್ತೆ. ನಿಮ್ಮಷ್ಟು ಚೆನ್ನಾಗಿಲ್ಲ, ಆದ್ರೂ ಪರವಾಗಿಲ್ಲ.”

ವಾಪಸು ಬರುವ ದಾರಿಯಲ್ಲಿ ಗೋವಿಂದರಾಜು ಯಾರಿಗೂ ನಿಲ್ಲಿಸಲಿಲ್ಲ. ಹೂ ಬಿಡಲು ಕಾದು ನಿಂತ ಕೊತ್ತಂಬರಿ ಕಣ್ಣಮುಂದೆ ಬಂತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಅಕ್ಷತ ಕಣ್ಣಮುಂದೆ ಬಂದಳು. ವಾಣಿಶ್ರೀಗೆ ಏನೆಂದು ಹೇಳುವುದು? ಬ್ರೇಕ್ ಸರಿಯಾಯಿತು, ಅದಕ್ಕೇ ಕೆಲಸ ಹೋಯಿತು ಎಂದರೆ ಯಾವ ಹೆಂಡತಿ ನಂಬುತ್ತಾಳೆ?

ಊರಿನ ತಿರುವು ಬಂತು. ಅಭ್ಯಾಸಬಲದಿಂದ ಬ್ರೇಕ್ ಹಿಡಿದ.

‘ಕೀ...’

ಡೇರಿಯ ಮುಂದಿನ ನಾಯಿಗಳು ಎದ್ದು ನಿಂತವು.

ಗೋವಿಂದರಾಜುವಿಗೆ ಮೊದಲು ನಂಬಿಕೆಯಾಗಲಿಲ್ಲ. ಹತ್ತು ಅಡಿ ಮುಂದೆ ಹೋಗಿ ಮತ್ತೆ ಹಿಡಿದ. ‘ಕೀ...’ ಮೊದಲಿಗಿಂತಲೂ ಎಳಸು, ಆದರೆ ಸ್ವಚ್ಛ. ಹೊಸದರಲ್ಲಿ ಕೂಗಬಹುದೆಂದು ಶ್ರೀಧರ್ ಹೇಳಿದ್ದು ನೆನಪಾಯಿತು. ಮಗು ಮೊದಲ ಸಲ ‘ಅಪ್ಪ’ ಎಂದಾಗ ಯಾವ ತಂದೆಗೂ ಅಷ್ಟು ಹಿಗ್ಗಾಗಿರಲಾರದು. ತಿರುವಿನಿಂದ ಮನೆಯ ತನಕ ಎಂಟು ಸಲ ಬ್ರೇಕ್ ಹಿಡಿದ. ಎಂಟು ಸಲವೂ ಕೂಗಿತು. ಇಳಿಜಾರಿನಲ್ಲಿ, ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, “ವಾಣೀ, ಕೇಳುಸ್ತೇನೇ? ನಾಳೆ ಸೊಪ್ಪು ಕಿತ್ಕೋ!” ಎಂದು ಕೂಗುತ್ತ ಒಳಗೆ ಓಡಿದ.

ಫೋನಿನಲ್ಲಿ ಚಾರ್ಜ್ ಸತ್ತಿತ್ತು. ಅದನ್ನು ಚುಚ್ಚಿ, ಅದಕ್ಕೆ ಜೀವ ಬರುವ ತನಕ ಗಂಡಹೆಂಡತಿ ಎದುರುಬದುರು ಕೂತು ಕಾಫಿ ಕುಡಿದರು. ಅವನು ನಡೆದದ್ದನ್ನೆಲ್ಲ ಹೇಳಿದ. ಮೇಕೆಯ ಸಂಗತಿಗೆ ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. “ಎಷ್ಟು ಕಂತೆ ಕಟ್ಟಲಿ? ಇನ್ನೂರು ಸಾಕಾ?” ಎಂದಳು.

ಏಳಕ್ಕೆ ಹತ್ತು ನಿಮಿಷವಿತ್ತು. ಅವನು ಫೋನು ಹಿಡಿದು ಹೊರಗೆ ಬಂದ. ಸೂರ್ಯ ಮುಳುಗಿದ್ದರೂ ಇನ್ನೂ ಬೆಳಕಿತ್ತು. ಗಾಡಿ ಹತ್ತಿ, ಇಂಜಿನ್ ಶುರುಮಾಡಿ, ಉಮಾಶಂಕರರಿಗೆ ಫೋನು ಹಚ್ಚಿ ಕಿಟಕಿಯ ಹೊರಗೆ ಹಿಡಿದ.

“ಬಂತು ಸಾರ್ ಸದ್ದು! ಕೇಳಿ!”

“ಎಲ್ರೂ ಇದೀವಿ, ಸ್ಪೀಕರಿಗೆ ಹಾಕಿದೀನಿ. ಕೇಳಿಸಿ.”

ಅವನು ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಇಳಿಜಾರಿಗೆ ಬಿಟ್ಟ. ಒಳ್ಳೆಯ ಸದ್ದು ಬರಲೆಂದು ಸ್ವಲ್ಪ ವೇಗ ಹಿಡಿಯಲು ಕಾದ. ಬ್ರೇಕನ್ನು ಒತ್ತಿದ.

ಸದ್ದಿಲ್ಲ. ಕಾಲು ಪೂರ್ತಿ ಇಳಿಸಿದ. ಸದ್ದಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಟೇರಿಂಗು, ಹ್ಯಾಂಡ್‌ಬ್ರೇಕಿಗೆ ಕೈ ಉಳಿದಿರಲಿಲ್ಲ. ಗಾಡಿ ಈ ಸಲ ಬಲಕ್ಕೂ ತಿರುಗಲಿಲ್ಲ, ಎಡಕ್ಕೂ ತಿರುಗಲಿಲ್ಲ. ಪಾಪಕ್ಕನ ತಿಪ್ಪೆಯನ್ನು ಗೌರವದಿಂದ ಬದಿಗೆ ಬಿಟ್ಟು, ನೂಲು ಹಿಡಿದ ಹಾಗೆ ನೆಟ್ಟಗೆ ಹೋಗಿ, ವಾಣಿಶ್ರೀಯ ಸೊಪ್ಪಿನ ಮಡಿಗಳೊಳಗೆ ಇಳಿಯಿತು. ದಂಟು ದಾಟಿತು, ಸಬ್ಬಸಿಗೆ ದಾಟಿತು. ಹಿಂಚಕ್ರಗಳು ಕೆಸರಿನಲ್ಲಿ ಹೂತುಕೊಂಡು ಗಾಡಿ ಕೊತ್ತಂಬರಿಯ ನಡುವೆ ನಿಂತಿತು. ಅರೆದ ಕೊತ್ತಂಬರಿಯ ಘಮ ಬೀದಿಯೆಲ್ಲ ಹರಡಿತು. ಅದರ ಹಿಂದೆಯೇ ಇನ್ನೊಂದು ವಾಸನೆ.

ಹರಳೆಣ್ಣೆ.

“ಹಲೋ, ಏನೂ ಕೇಳಿಸ್ತಿಲ್ವಲ್ರೀ?” ಎಂದಿತು ಫೋನು. “ಹಲೋ? ಸರಿ, ಹಾಗಾದ್ರೆ ಜಡಿಗೇನಹಳ್ಳಿಯವರಿಗೇ ಹೇಳ್ತೀವಿ.”

ವಾಣಿಶ್ರೀ ಕೈಯಲ್ಲಿ ಬಾಳೆನಾರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದಿನಿಂದ ಬೈರಣ್ಣ ಕೋಲೂರಿಕೊಂಡು ಬೀದಿಯಲ್ಲಿ ಇಳಿದು ಬಂದ. ಖಾಲಿ ಗೊಟ್ಟ ಹೆಗಲಿಗೆ ನೇತಾಡುತ್ತಿತ್ತು.

“ನಾನು ಹೇಳಿರ್ಲಿಲ್ವಾ, ಕೀ ಅಂದ್ರೆ ನಂಗೆ ಕೇಳಿಸ್ತದೆ ಅಂತ? ನೀನು ಒಳಗೆ ಹೋಗೋದನ್ನೇ ಕಾಯ್ತಿದ್ದೆ” ಎಂದ, ಏದುಸಿರು ಬಿಡುತ್ತ. “ಬೆಳಿಗ್ಗೆ ಒಂದೇ ಕಡೆ ಹಾಕಿ ತಪ್ಪು ಮಾಡಿದ್ದೆ ಕಣಪ್ಪ. ಅದಕ್ಕೇ ಗಾಡಿ ಬಲಕ್ಕೆ ಎಳೀತು. ಈ ಸಲ ಎರಡೂ ಕಡೆ ಸಮವಾಗಿ ಬಿಟ್ಟಿವ್ನಿ. ನೋಡು, ಎಷ್ಟು ನೆಟ್ಟಗೆ ಬಂತು!”

ಗೋವಿಂದರಾಜು ಗಾಡಿಯಿಂದಿಳಿದು ಕೊತ್ತಂಬರಿಯೊಳಗೆ ನಿಂತ. ಮುದುಕನ ಮುಖ ನೋಡಿದ. ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದ್ದ ಮಾತು ಈಗ ಎದ್ದು ನಿಂತಿತು. ಬಾಯಿ ತೆರೆದ. ಬಾಗಿಲಲ್ಲಿ ವಾಣಿಶ್ರೀ ಉಸಿರು ಬಿಗಿಹಿಡಿದಳು.

“ಏನಪ್ಪಾ? ಹೇಳು. ಹೆಚ್ಚುಕಮ್ಮಿ ಆಯ್ತಾ?” ಎಂದ ಬೈರಣ್ಣ. ಅವನ ಕಣ್ಣಂಚು ಒದ್ದೆಯಾಗತೊಡಗಿತ್ತು.

“ಒಳ್ಳೇದೇ ಆಯ್ತು ಮಾವ” ಎಂದ ಗೋವಿಂದರಾಜು.